ಡಬ್ಬದ ಮೇಲಿನ ಡೆಸಿಬೆಲ್ ಮತ್ತು ರಾತ್ರಿ ಎರಡು ಗಂಟೆಯ ಕಿವಿ

ರಾತ್ರಿ ಎರಡು ಗಂಟೆ. ಫ್ರಿಜ್ಜಿನ ಪ್ಲಗ್ ಕಿತ್ತಿದ್ದೆ, ಸೀಲಿಂಗ್ ಫ್ಯಾನ್ ಆರಿಸಿದ್ದೆ, ಕಿಟಕಿ ಮುಚ್ಚಿದ್ದೆ, ಗೋಡೆ ಗಡಿಯಾರವನ್ನೂ ಇಳಿಸಿ ದಿಂಬಿನ ಕೆಳಗೆ ಹುಗಿಸಿದ್ದೆ. ನೀರು ಕುಡಿಯಲು ಎದ್ದ ಅಮ್ಮ ಬಾಗಿಲಲ್ಲೇ ನಿಂತರು. ಮೇಜಿನ ಮೇಲೆ ಕಂಪ್ಯೂಟರಿನೊಳಗೆ ಕೂರುವಂಥ ಐದು ಪುಟ್ಟ ಫ್ಯಾನುಗಳು, ಅವುಗಳ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಾನು. "ಅಲ್ಲ ಕಣೋ, ಐದೈದು ಫ್ಯಾನ್ ಇಟ್ಕೊಂಡು ಸೆಕೇಲಿ ಕೂತಿದ್ದೀಯಲ್ಲ!" ಅಂದು, ಉತ್ತರಕ್ಕೂ ಕಾಯದೆ ಒಳಗೆ ಹೋದರು.

ಇದೆಲ್ಲ ಶುರುವಾದದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರೋಡಿನಿಂದ ತಂದ ಒಂದು ಫ್ಯಾನಿನಿಂದ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ಸೈಲೆಂಟ್’ ಅಂತಿತ್ತು, ಪಕ್ಕದಲ್ಲೇ ಇಪ್ಪತ್ತರ ಆಸುಪಾಸಿನ ಒಂದು ಡೆಸಿಬೆಲ್ ಲೆಕ್ಕ. ಹಾಕಿ ನೋಡಿದರೆ ಕೆಲಸವಿಲ್ಲದಾಗ ನಿಜಕ್ಕೂ ಸುಮ್ಮನಿರುತ್ತಿತ್ತು. ಬ್ರೌಸರಿನಲ್ಲಿ ಒಂದು ಹೊಸ ಟ್ಯಾಬ್ ತೆರೆದರೆ ಸಾಕು, ಭರ್ರನೆ ಎದ್ದು ಮೂರು ಸೆಕೆಂಡಿಗೆ ಮತ್ತೆ ಮಲಗುತ್ತಿತ್ತು. ಮತ್ತೊಂದು ಟ್ಯಾಬ್, ಮತ್ತೊಮ್ಮೆ ಭರ್ರ್. ಅದರ ಜಾಗದಲ್ಲಿದ್ದ ಹಳೆಯ ಫ್ಯಾನು ಇದಕ್ಕಿಂತ ಜಾಸ್ತಿಯೇ ಸದ್ದು ಮಾಡುತ್ತಿತ್ತು. ಆದರೆ ಒಂದೇ ಸಮನೆ ಮಾಡುತ್ತಿತ್ತು, ಜಡಿಮಳೆಯ ಹಾಗೆ. ಹತ್ತು ನಿಮಿಷದಲ್ಲಿ ಕಿವಿ ಅದನ್ನು ಮರೆತುಬಿಡುತ್ತಿತ್ತು. ಹೊಸದನ್ನು ಮರೆಯುವುದಕ್ಕೇ ಆಗಲಿಲ್ಲ. ಕಿವಿಗೆ ಚುಚ್ಚುವುದು ಸದ್ದಿಗಿಂತ ಸದ್ದಿನ ಏರಿಳಿತ ಅನ್ನುವುದು ಗೊತ್ತಾಗಲು ನನಗೆ ಒಂದು ಫ್ಯಾನಿನ ದುಡ್ಡು ಮತ್ತು ಕೆಲವು ರಾತ್ರಿಗಳ ನಿದ್ದೆ ಖರ್ಚಾಯಿತು.

ಸದ್ದು ಎಲ್ಲಿಂದ ಬರುತ್ತದೆ

ಫ್ಯಾನಿನ ಸದ್ದು ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಅಸಲಿಗೆ ನಾಲ್ಕೈದು ಸದ್ದುಗಳ ಚಿತ್ರಾನ್ನ. ದೊಡ್ಡ ಪಾಲು ಗಾಳಿಯದು. ರೆಕ್ಕೆಯ ಅಂಚಿನಲ್ಲಿ ಗಾಳಿ ಸುಳಿ ಸುಳಿಯಾಗಿ ಒಡೆದು ‘ಶ್ಶ್’ ಎನ್ನುತ್ತದೆ. ಇದು ಎಲ್ಲ ಸ್ವರಗಳೂ ಬೆರೆತ ಸದ್ದು, ಹಾಗಾಗಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಅದರೊಳಗೆ ಅಡಗಿರುವ ಗುಂಯ್‌ಗುಡುವಿಕೆ ಬೇರೆಯೇ. ರೆಕ್ಕೆಗಳು ತಿರುಗುವಾಗ ಮೋಟಾರನ್ನು ಹಿಡಿದಿರುವ ಅಡ್ಡಕಡ್ಡಿಗಳನ್ನು ಒಂದೊಂದಾಗಿ ದಾಟುತ್ತವೆ. ಪ್ರತಿ ದಾಟಿಗೂ ಗಾಳಿಗೆ ಒಂದು ಪೆಟ್ಟು. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ಹಾಕಿದರೆ ಸೆಕೆಂಡಿಗೆ 140 ಪೆಟ್ಟು. ಆ 140 ಹರ್ಟ್ಸ್ ಒಂದು ಖಚಿತವಾದ ಸ್ವರ, ಬೇಕಾದರೆ ಶ್ರುತಿ ಹಿಡಿಯಬಹುದು. ಕಂಪ್ಯೂಟರಿನ ಹೊರಪೆಟ್ಟಿಗೆಯಾದ ಕ್ಯಾಬಿನೆಟ್ಟಿನ ಜಾಲರಿಯನ್ನು ಫ್ಯಾನು ಗಾಳಿ ಎಳೆದುಕೊಳ್ಳುವ ಬದಿಗೆ ತೀರಾ ಹತ್ತಿರ ತಂದರೆ ಇದೇ ಸ್ವರ ಜೋರಾಗುತ್ತದೆ. ಕೈಯಲ್ಲಿ ಹಿಡಿದಾಗ ಸುಮ್ಮನಿದ್ದ ಫ್ಯಾನು ಕ್ಯಾಬಿನೆಟ್ಟಿಗೆ ಹಾಕಿದೊಡನೆ ಊಳಿಡುವುದಕ್ಕೆ ಮುಖ್ಯ ಕಾರಣ ಇದು. ಎರಡನೆಯ ಕಾರಣ ತಗಡು: ಫ್ಯಾನಿನ ನಡುಕ ಸ್ಕ್ರೂಗಳ ಮೂಲಕ ಇಡೀ ತಗಡಿಗೆ ಇಳಿದು, ತಗಡು ಚರ್ಮವಾದ್ಯವಾಗುತ್ತದೆ. ಸ್ಕ್ರೂಗಳ ಬದಲು ರಬ್ಬರ್ ಗೂಟಗಳು ಬಂದದ್ದು ಅದಕ್ಕೇ.

ಉಳಿದದ್ದು ಬೇರಿಂಗು ಮತ್ತು ಮೋಟಾರು. ಅಚ್ಚು ಬರೀ ಒಂದು ಕೊಳವೆಯೊಳಗೆ ತಿರುಗುವ ಸ್ಲೀವ್ ಬೇರಿಂಗು ಹೊಸತರಲ್ಲಿ ಮೌನಿ, ಎಣ್ಣೆ ಆರಿದ ಮೇಲೆ ಗರಗರ. ಬಾಲ್ ಬೇರಿಂಗಿಗೆ ಆಯುಸ್ಸು ಹೆಚ್ಚು, ಆದರೆ ಮೊದಲ ದಿನದಿಂದಲೇ ಒಂದು ಸಣ್ಣ ಕರಕರ ಇರುತ್ತದೆ. ಎಣ್ಣೆಯ ಪದರದ ಮೇಲೆ ಅಚ್ಚು ತೇಲುವ ಹಾಗೆ ಮಾಡಿರುವ ಫ್ಲೂಯಿಡ್ ಡೈನಾಮಿಕ್ ಬೇರಿಂಗು ಇವೆರಡರ ನಡುವಿನ ರಾಜಿ. ಇನ್ನು ಮೋಟಾರಿನ ಸುರುಳಿಗಳಿಗೆ ಕರೆಂಟು ಸರದಿಯಂತೆ ಬದಲಾಗುವಾಗ ಬರುವ ಟಿಕ್ ಟಿಕ್, ಕಡಿಮೆ ವೇಗದಲ್ಲಿ ಕಿವಿಯನ್ನು ಹತ್ತಿರ ಒಯ್ದರೆ ಮಾತ್ರ ಕೇಳಿಸುತ್ತದೆ. ಪರೀಕ್ಷೆಯಲ್ಲಿ ಇದನ್ನು ಹಿಡಿಯಲು ಮಾಪಕ ಬೇಡ. ಒಂದು ರಟ್ಟಿನ ಕೊಳವೆಯನ್ನು ಡಾಕ್ಟರರ ಸ್ಟೆತಸ್ಕೋಪಿನ ಹಾಗೆ ಕಿವಿಗೆ ಹಿಡಿದು ಮೋಟಾರಿನ ಹಿಂಭಾಗಕ್ಕೆ ತಂದರೆ ಸಾಕು.

ಆ ಇಪ್ಪತ್ತರ ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಡೆಸಿಬೆಲ್ ನಮ್ಮ ಕೂಡುವ ಕಳೆಯುವ ಲೆಕ್ಕಕ್ಕೆ ಬಗ್ಗುವುದಿಲ್ಲ. 30 ಡೆಸಿಬೆಲ್ಲಿನ ಫ್ಯಾನಿನ ಪಕ್ಕ ಇನ್ನೊಂದು 30 ಡೆಸಿಬೆಲ್ಲಿನ ಫ್ಯಾನಿಟ್ಟರೆ 60 ಆಗುವುದಿಲ್ಲ, 33 ಆಗುತ್ತದೆ. ಸದ್ದು ‘ಎರಡರಷ್ಟಾಯಿತು’ ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಎಷ್ಟು ದೂರದಿಂದ ಅಳೆದದ್ದು ಅಂತ ಹೇಳದ ಡೆಸಿಬೆಲ್, ಯಾವ ಊರಿನಿಂದ ಅಂತ ಹೇಳದ ಕಿಲೋಮೀಟರಿನ ಹಾಗೆ. ಕಂಪ್ಯೂಟರ್ ಉಪಕರಣಗಳ ಸದ್ದು ಅಳೆಯಲು ಐಎಸ್‌ಒ 7779 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಆದರೂ ಬಿಡಿ ಫ್ಯಾನಿನ ಡಬ್ಬದ ಮೇಲೆ ಅಳೆದ ವಿಧಾನ ಬರೆದಿರುವುದನ್ನು ನಾನು ನೋಡಿದ್ದು ಅಪರೂಪ.

ಅಳೆದಿರುವುದೂ ನಮ್ಮ ಮನೆಯಂಥ ಜಾಗದಲ್ಲಲ್ಲ. ಪ್ರತಿಧ್ವನಿ ಇಲ್ಲದ ಕೋಣೆಗಳಲ್ಲಿ ಅಳೆಯುತ್ತಾರೆ. ಅಮೆರಿಕದ ರೆಡ್ಮಂಡಿನಲ್ಲಿ ಮೈಕ್ರೋಸಾಫ್ಟಿನದೊಂದು ಅಂಥ ಕೋಣೆಯಿದೆ. 2015ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಅದರೊಳಗಿನ ಸದ್ದು ಸೊನ್ನೆಗಿಂತಲೂ 20 ಡೆಸಿಬೆಲ್ ಕೆಳಗೆ. ಸೊನ್ನೆ ಡೆಸಿಬೆಲ್ ಅಂದರೆ ಮೌನವಲ್ಲ, ಮನುಷ್ಯನ ಕಿವಿಗೆ ಕೇಳಿಸಬಹುದಾದ ಕನಿಷ್ಠ ಸದ್ದು ಅಷ್ಟೇ. ಹಾಗಾಗಿ ಅದರ ಕೆಳಗೂ ಜಾಗವಿದೆ. ನಮ್ಮ ಬೀದಿಯಲ್ಲಿ, ನಾಯಿಗಳು ಮಲಗಿ, ಪಕ್ಕದ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಪಂಪು ನಿಂತ ಮೇಲೂ, ನನ್ನ ಮಾಪಕ 30ರ ಕೆಳಗೆ ಇಳಿಯಲೇ ಇಲ್ಲ. ಅಗ್ಗದ ಮಾಪಕಗಳ ತಳವೇ 30 ಅಂತ ಆಮೇಲೆ ಅದರ ಕೈಪಿಡಿಯಲ್ಲಿ ಓದಿದೆ!

ಇನ್ನೊಂದು ಜಾಣತನ ಸ್ಪೆಸಿಫಿಕೇಶನ್ ಪಟ್ಟಿಯಲ್ಲೇ ಇರುತ್ತದೆ. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2018ರಲ್ಲಿ ತಂದ ಎನ್‌ಎಫ್-ಎ12x25 ಅನ್ನುವ 120 ಮಿಲಿಮೀಟರ್ ಫ್ಯಾನನ್ನೇ ತೆಗೆದುಕೊಳ್ಳಿ. ಒಳ್ಳೆಯ ಫ್ಯಾನು, ತಕರಾರಿಲ್ಲ. ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಬರೀ ಅರ್ಧ ಮಿಲಿಮೀಟರ್ ಸಂದು. ಮಾಮೂಲಿ ಪ್ಲಾಸ್ಟಿಕ್ ಆಗಿದ್ದರೆ ವರ್ಷಗಟ್ಟಲೆ ತಿರುಗಿ, ಬಿಸಿಗೆ ಹಿಗ್ಗಿ, ರೆಕ್ಕೆ ಚೌಕಟ್ಟಿಗೆ ತಾಗುತ್ತಿತ್ತು. ಅದಕ್ಕೇ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಅನ್ನುವ ಹೆಚ್ಚು ಗಡಸಾದ ಪದಾರ್ಥ ಬಳಸಿದ್ದಾರೆ. ಅದರ ಪಟ್ಟಿಯಲ್ಲಿ ನಿಮಿಷಕ್ಕೆ 2000 ಸುತ್ತು, ಅಂದರೆ 2000 ಆರ್‌ಪಿಎಂ, ಗಂಟೆಗೆ 102.1 ಘನ ಮೀಟರ್ ಗಾಳಿ, 2.34 ಮಿಲಿಮೀಟರ್ ಎತ್ತರದ ನೀರಿನಷ್ಟು ಒತ್ತಡ, 22.6 ಡೆಸಿಬೆಲ್ ಅಂತಿದೆ. ಇದನ್ನು ಓದಿದವರಿಗೆ ಫ್ಯಾನು ಒಂದೇ ಹೊತ್ತಿಗೆ ಅಷ್ಟು ಗಾಳಿಯನ್ನೂ ಅಷ್ಟು ಒತ್ತಡವನ್ನೂ ಕೊಡುತ್ತದೆ ಅನ್ನಿಸುತ್ತದೆ. ಯಾವ ಫ್ಯಾನೂ ಕೊಡುವುದಿಲ್ಲ. ಗಾಳಿಯ ಲೆಕ್ಕ ಮುಂದೆ ಏನೂ ಅಡ್ಡವಿಲ್ಲದಾಗಿನದು. ಒತ್ತಡದ ಲೆಕ್ಕ ಬಾಯಿ ಪೂರ್ತಿ ಮುಚ್ಚಿ, ಗಾಳಿಯೇ ಹರಿಯದಿದ್ದಾಗಿನದು. ನಮ್ಮ ಕ್ಯಾಬಿನೆಟ್ಟು ಈ ಎರಡರ ನಡುವೆ ಎಲ್ಲೋ ಇರುತ್ತದೆ. ಧೂಳಿನ ಜಾಲರಿ, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಹಾಳೆಗಳು, ವೈರುಗಳ ಗೋಜಲು, ಎಲ್ಲವೂ ಅದನ್ನು ‘ಬಾಯಿ ಮುಚ್ಚಿದ’ ಕಡೆಗೆ ಜಗ್ಗುತ್ತವೆ.

ಮನೆಯಲ್ಲಿ ಅಳೆಯುವುದು

ಕೋಣೆಯ ಸದ್ದನ್ನು ಇಳಿಸಲಾಗದಿದ್ದರೆ ಫ್ಯಾನಿನ ಹತ್ತಿರ ಹೋಗಬೇಕು, ಬೇರೆ ದಾರಿಯಿಲ್ಲ. ಒಂದು ಮೀಟರಿನಿಂದ ಅರ್ಧ ಮೀಟರಿಗೆ ಬಂದರೆ 6, ಅಲ್ಲಿಂದ ಕಾಲು ಮೀಟರಿಗೆ ಇನ್ನೊಂದು 6, ಹನ್ನೆರಡೂವರೆ ಸೆಂಟಿಮೀಟರಿಗೆ ಮತ್ತೊಂದು 6. ಒಟ್ಟು 18 ಡೆಸಿಬೆಲ್ ನಮಗೆ ಲಾಭ. ಅಷ್ಟು ಹತ್ತಿರದಲ್ಲಿ ಈ ಲೆಕ್ಕ ಕರಾರುವಾಕ್ಕಲ್ಲ, ಆದರೆ ಒಂದು ಫ್ಯಾನನ್ನು ಇನ್ನೊಂದಕ್ಕೆ ಹೋಲಿಸಲು ಸಾಕು. ಒಂದೇ ಎಚ್ಚರಿಕೆ: ಮೈಕು ಗಾಳಿಯ ದಾರಿಯಲ್ಲಿರಬಾರದು. ಇದ್ದರೆ ಮೈಕಿಗೆ ಗಾಳಿ ಬಡಿದ ಸದ್ದನ್ನೇ ಫ್ಯಾನಿನ ಸದ್ದು ಅಂತ ಬರೆದುಕೊಳ್ಳುತ್ತೀರಿ. ಮೊದಲ ರಾತ್ರಿ ನಾನು ಮಾಡಿದ್ದು ಅದನ್ನೇ. ಮೈಕನ್ನು ಬದಿಗೆ, ಚೌಕಟ್ಟಿನ ಅಂಚಿನ ನೇರಕ್ಕೆ ಇಡಬೇಕು.

ಫ್ಯಾನನ್ನು ಮೇಜಿನ ಮೇಲೆ ನಿಲ್ಲಿಸಿದರೆ ಮೇಜೂ ಹಾಡುತ್ತದೆ. ನಾನು ಹಳೆಯ ಸ್ಟೂಲನ್ನು ತಲೆಕೆಳಗು ಮಾಡಿ, ಅದರ ನಾಲ್ಕು ಕಾಲುಗಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ನಡುವೆ ಫ್ಯಾನನ್ನು ತೂಗುಹಾಕಿದ್ದೆ, ಜೇಡರ ಬಲೆಯಲ್ಲಿ ಸಿಕ್ಕ ಹುಳುವಿನ ಹಾಗೆ.

ಪ್ರತಿ ಸಲವೂ ಫ್ಯಾನು ನಿಲ್ಲಿಸಿ ಬರೀ ಕೋಣೆಯ ಸದ್ದನ್ನು ಮೊದಲು ಬರೆದುಕೊಳ್ಳಿ. ಕೋಣೆ 30, ಫ್ಯಾನು ಹಾಕಿದ ಮೇಲೆ 33 ಅಂತ ಬಂದರೆ ಫ್ಯಾನಿನದು 3 ಅಲ್ಲ, 30. ವ್ಯತ್ಯಾಸ 10 ದಾಟಿದರೆ ಮಾತ್ರ ಕೋಣೆಯನ್ನು ಮರೆಯಬಹುದು. ಆಗ ಅದರ ಪಾಲು ಅರ್ಧ ಡೆಸಿಬೆಲ್ಲಿಗೂ ಕಡಿಮೆ. ಮೊಬೈಲಿನ ಆ್ಯಪ್ ತೋರಿಸುವ ಡೆಸಿಬೆಲ್ ಎಷ್ಟೇ ತಪ್ಪಾಗಿದ್ದರೂ ಒಂದೇ ಮೊಬೈಲು, ಒಂದೇ ಜಾಗ, ಒಂದೇ ಆ್ಯಪ್ ಆದರೆ ಹೋಲಿಕೆಗೆ ಬರುತ್ತದೆ. ಸ್ವರಗಳನ್ನು ಬಿಡಿಸಿ ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಇನ್ನೂ ಹೆಚ್ಚು ಉಪಯುಕ್ತ. ಆ 140 ಹರ್ಟ್ಸಿನ ಗುಂಯ್ ಅಲ್ಲಿ ಗರುಡಗಂಬದ ಹಾಗೆ ಎದ್ದು ನಿಂತಿರುತ್ತದೆ.

ಈಗ ಗಾಳಿ. ಸದ್ದು ಕಡಿಮೆ ಮಾಡುವುದು ಸುಲಭ, ಫ್ಯಾನು ನಿಲ್ಲಿಸಿದರಾಯಿತು! ಗಾಳಿ ಎಷ್ಟು ಬಂತು ಅನ್ನುವುದನ್ನು ಜೊತೆಗಿಡದ ಸದ್ದಿನ ಪರೀಕ್ಷೆಗೆ ಅರ್ಥವಿಲ್ಲ. ಅನೆಮೋಮೀಟರ್ ಅನ್ನುವ ಗಾಳಿಯ ವೇಗ ಅಳೆಯುವ ಸಾಧನ ಈಗ ಅಗ್ಗಕ್ಕೆ ಸಿಗುತ್ತದೆ. ಆದರೆ ಫ್ಯಾನಿನ ನಡುವಿನ ಗುಬುಟಿನ ಮುಂದೆ ಗಾಳಿಯೇ ಇರುವುದಿಲ್ಲ, ಅಂಚಿನಲ್ಲಿ ಜೋರಾಗಿರುತ್ತದೆ. ಎಲ್ಲಿ ಹಿಡಿದಿರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನನಗೆ ಹಿಡಿಸಿದ್ದು ಕಸದ ಚೀಲದ ವಿಧಾನ. ದೊಡ್ಡ ತೆಳು ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಫ್ಯಾನಿನ ಚೌಕಟ್ಟಿಗೆ ಟೇಪಿನಲ್ಲಿ ಅಂಟಿಸಿ, ಗಾಳಿಯೆಲ್ಲ ಹಿಂಡಿ ತೆಗೆದು, ಫ್ಯಾನು ಚಾಲೂ ಮಾಡಿ, ಪೂರ್ತಿ ಉಬ್ಬಲು ಎಷ್ಟು ಸೆಕೆಂಡು ಹಿಡಿಯಿತು ಅಂತ ನೋಡುವುದು. ನೂರು ಲೀಟರಿನ ಚೀಲ ಐದು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 20 ಲೀಟರ್, ಗಂಟೆಗೆ 72 ಘನ ಮೀಟರ್. ಚೀಲದ ಅಳತೆ ಗೊತ್ತಿಲ್ಲದಿದ್ದರೂ ಎಲ್ಲ ಫ್ಯಾನಿಗೂ ಒಂದೇ ಚೀಲ ಬಳಸಿದರೆ ಯಾವುದು ಮುಂದೆ ಅಂತ ಗೊತ್ತಾಗುತ್ತದೆ. ಫ್ಯಾನಿನ ಮುಂದೆ ಧೂಳಿನ ಜಾಲರಿ ಇಟ್ಟು ಮತ್ತೊಮ್ಮೆ ಮಾಡಿ. ಬಯಲಿನಲ್ಲಿ ಗೆದ್ದ ಫ್ಯಾನು ಜಾಲರಿಯ ಮುಂದೆ ಸೋಲುವುದನ್ನು ಕಣ್ಣಾರೆ ನೋಡಬಹುದು.

ಕ್ಯಾಬಿನೆಟ್ಟಿನೊಳಗೆ ಗಾಳಿ ಎತ್ತ ಹೋಗುತ್ತಿದೆ ಅಂತ ನೋಡಲು ಊದುಬತ್ತಿಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಹೊಗೆಯ ಎಳೆ ಮುಂದಿನ ಫ್ಯಾನಿನಿಂದ ಒಳಹೋಗಿ ಹಿಂದಿನದರಿಂದ ಹೊರಬರಬೇಕು. ನನ್ನದರಲ್ಲಿ ಅದು ಮೇಲಿನ ಜಾಲರಿಯಿಂದ ಹೊರಬಿದ್ದು, ಸುತ್ತಿ ಬಂದು, ಮತ್ತೆ ಮುಂದಿನಿಂದಲೇ ಒಳಹೋಗುತ್ತಿತ್ತು. ಬಿಸಿ ಗಾಳಿ ಪ್ರದಕ್ಷಿಣೆ ಹಾಕುತ್ತಿತ್ತು ಅನ್ನಿ.

ಅರ್ಧ ವೇಗದ ಲಾಭ

ಫ್ಯಾನುಗಳನ್ನು ಒಂದೇ ಆರ್‌ಪಿಎಂನಲ್ಲಿ ಹೋಲಿಸುವುದು ತಪ್ಪು. ಒಂದೇ ಸದ್ದಿನಲ್ಲಿ ಹೋಲಿಸಬೇಕು: ಎಲ್ಲವನ್ನೂ, ಹೇಳುವುದಾದರೆ, ಮಾಪಕ 36 ತೋರಿಸುವ ವೇಗಕ್ಕೆ ಇಳಿಸಿ, ಆ ಸದ್ದಿನಲ್ಲಿ ಯಾವುದು ಹೆಚ್ಚು ಗಾಳಿ ಕೊಡುತ್ತದೆ ಅಂತ ನೋಡಬೇಕು. ಯಾಕೆಂದರೆ ವೇಗ ಇಳಿಸಿದಾಗ ಆಗುವ ಲಾಭ ಅಗಾಧ. ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಒತ್ತಡ ಕಾಲುಭಾಗ, ಬೇಕಾಗುವ ಶಕ್ತಿ ಎಂಟನೇ ಒಂದು ಭಾಗ. ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಇವು ಫ್ಯಾನ್ ನಿಯಮಗಳು. ಕಾರ್ಖಾನೆಯ ದೊಡ್ಡ ಬ್ಲೋವರಿಗೂ ಇವೇ, ನಮ್ಮ ಪುಟ್ಟದಕ್ಕೂ ಇವೇ.

ಇದರಿಂದ ಒಂದು ವಿಚಿತ್ರ ಉಪಾಯ ಹುಟ್ಟುತ್ತದೆ. ಒಂದು ಫ್ಯಾನಿನ ಬದಲು ಎರಡು ಹಾಕಿ ಅರ್ಧ ವೇಗದಲ್ಲಿ ಓಡಿಸಿದರೆ, ಅಡೆತಡೆ ಇಲ್ಲದ ಕಡೆ ಗಾಳಿ ಅಷ್ಟೇ ಸಿಗುತ್ತದೆ. ಸದ್ದು ಮಾತ್ರ 15 ಇಳಿದು, ಎರಡು ಫ್ಯಾನು ಅನ್ನುವ ಕಾರಣಕ್ಕೆ 3 ಏರಿ, ಒಟ್ಟಾರೆ 12 ಡೆಸಿಬೆಲ್ ಕಡಿಮೆ. ಕಿವಿಗೆ ಅರ್ಧಕ್ಕಿಂತಲೂ ಕಡಿಮೆ ಸದ್ದು! ಮನೆಯಲ್ಲಿ ಒಬ್ಬರ ಬದಲು ಇಬ್ಬರು ಮಾತಾಡಿದರೆ ಸದ್ದು ಕಮ್ಮಿಯಾಯಿತು ಅಂದ ಹಾಗೆ ಕೇಳುತ್ತದೆ, ಆದರೆ ನಿಜ. ದೊಡ್ಡ ಫ್ಯಾನು ಹಾಕುವುದರ ಹಿಂದಿರುವುದೂ ಇದೇ ತರ್ಕ. 120ರ ಬದಲು ಅದೇ ಆಕಾರದ 140 ಮಿಲಿಮೀಟರಿನದನ್ನು, ಗಾಳಿ ಸಮನಾಗುವ ಹಾಗೆ ವೇಗ ಇಳಿಸಿ ಓಡಿಸಿದರೆ, ಲೆಕ್ಕದ ಪ್ರಕಾರ ಸುಮಾರು 5 ಡೆಸಿಬೆಲ್ ಉಳಿತಾಯ.

ಅಷ್ಟು ಗಾಳಿಯಾದರೂ ಬೇಕೇ? ಗೇಮ್ ಆಡುವಾಗ ಕಂಪ್ಯೂಟರು 300 ವ್ಯಾಟ್ ಬಿಸಿ ಉಗುಳುತ್ತದೆ ಅಂದುಕೊಳ್ಳೋಣ. ಒಳಬಂದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಹೋಗಬೇಕಾದರೆ ಗಂಟೆಗೆ ಹತ್ತಿರಹತ್ತಿರ 90 ಘನ ಮೀಟರ್ ಗಾಳಿ ಸಾಕು. ಈ ಲೇಖನ ಬರೆಯುವಂಥ ಕೆಲಸಕ್ಕೆ, 100 ವ್ಯಾಟಿಗೂ ಕಡಿಮೆ ಇರುವಾಗ, 30 ಘನ ಮೀಟರ್. ಎರಡು ಮೂರು ಫ್ಯಾನು ನಿಧಾನಕ್ಕೆ ತಿರುಗಿದರೂ ಸಿಗುವಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಫ್ಯಾನುಗಳ ವೇಗ ನಿರ್ಧರಿಸುವ ಮುಖ್ಯ ಬೋರ್ಡಾದ ಮದರ್‌ಬೋರ್ಡು ಕಾರ್ಖಾನೆಯಿಂದ ಬರುವಾಗ ಹಾಸಿಗೆಯ ಉದ್ದ ಅದಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ಆಗಾಗ ಒದೆಯುತ್ತಿರುತ್ತದೆ.

ರೆಗ್ಯುಲೇಟರಿನ ಕಥೆ

ನಮ್ಮ ಹಳೆಯ ಮನೆಯಲ್ಲಿ ಸೀಲಿಂಗ್ ಫ್ಯಾನಿಗೆ ಒಂದು ದಪ್ಪ ಡಬ್ಬಿಯ ರೆಗ್ಯುಲೇಟರಿತ್ತು. ಒಂದನೇ ನಂಬರಿಗೆ ಇಟ್ಟರೆ ಡಬ್ಬಿ ಮುಟ್ಟಲಾಗದಷ್ಟು ಬಿಸಿ. ಒಳಗಿದ್ದದ್ದು ರೆಸಿಸ್ಟೆನ್ಸ್ ತಂತಿಯ ಸುರುಳಿ; ಫ್ಯಾನಿಗೆ ಬೇಡವಾದ ವಿದ್ಯುತ್ತನ್ನು ಅದು ಬಿಸಿ ಮಾಡಿ ಹಾಳುಮಾಡುತ್ತಿತ್ತು. ಆಮೇಲೆ ಸ್ವಿಚ್ ಬೋರ್ಡಿನಲ್ಲೇ ಕೂರುವ ಪುಟ್ಟ ಎಲೆಕ್ಟ್ರಾನಿಕ್ ರೆಗ್ಯುಲೇಟರು ಬಂತು. ಬಿಸಿ ಹೋಯಿತು, ಆದರೆ ಕಡಿಮೆ ವೇಗದಲ್ಲಿ ಫ್ಯಾನು ‘ಝೂಂ’ ಎನ್ನತೊಡಗಿತು. ಅದು ಕರೆಂಟಿನ ಪ್ರತಿ ಅಲೆಯನ್ನೂ ಕತ್ತರಿಸಿ ಕತ್ತರಿಸಿ ಕೊಡುತ್ತಿತ್ತು, ಆ ಕತ್ತರಿಕೆಯ ಸದ್ದು ಮೋಟಾರಿನಲ್ಲಿ ಕೇಳುತ್ತಿತ್ತು. ಈಗಿನ ಬಿಎಲ್‌ಡಿಸಿ ಫ್ಯಾನಿನಲ್ಲಿ ಸಾಮಾನ್ಯವಾಗಿ ಗೋಡೆಯ ರೆಗ್ಯುಲೇಟರೇ ಇರುವುದಿಲ್ಲ. ರಿಮೋಟಿನಿಂದ ‘ಇಷ್ಟು’ ಅಂತ ಹೇಳಿದರೆ ಫ್ಯಾನಿನೊಳಗಿನ ಸರ್ಕ್ಯೂಟು ತಾನೇ ನೋಡಿಕೊಳ್ಳುತ್ತದೆ.

ಕಂಪ್ಯೂಟರ್ ಫ್ಯಾನಿನ ವೇಗ ನಿಯಂತ್ರಣವೂ ಇದೇ ಮೂರು ದಾರಿ ಕಂಡಿದೆ. ಮೊದಲನೆಯದು ವೋಲ್ಟೇಜ್ ಇಳಿಸುವುದು. ಮೂರು ತಂತಿಯ ಫ್ಯಾನಿಗೆ 12 ವೋಲ್ಟಿನ ಬದಲು ಕಡಿಮೆ ಕೊಟ್ಟರೆ ನಿಧಾನ ತಿರುಗುತ್ತದೆ. ಫ್ಯಾನಿನ ಜೊತೆ ಕೊಡುವ ಪುಟ್ಟ ‘ಲೋ ನಾಯ್ಸ್’ ವೈರಿನೊಳಗೆ ಇರುವುದು ಒಂದು ರೆಸಿಸ್ಟರ್, ಆ ಹಳೆಯ ಡಬ್ಬಿಯ ಮೊಮ್ಮಗ. ಹಿಂದೆ ಹವ್ಯಾಸಿಗಳು ಇನ್ನೊಂದು ಕಿತಾಪತಿ ಮಾಡುತ್ತಿದ್ದರು: ಪವರ್ ಸಪ್ಲೈಯ 12 ವೋಲ್ಟಿನ ಹಳದಿ ತಂತಿ ಮತ್ತು 5 ವೋಲ್ಟಿನ ಕೆಂಪು ತಂತಿಯ ನಡುವೆ ಫ್ಯಾನು ಕಟ್ಟಿದರೆ ಅದಕ್ಕೆ ಸಿಗುವುದು 7 ವೋಲ್ಟ್. ಫ್ಯಾನು ಶಾರ್ಟ್ ಆದರೆ 12 ವೋಲ್ಟ್ ನೇರ 5ರ ತಂತಿಗೆ ನುಗ್ಗುತ್ತದೆ. ನಾನಂತೂ ಮಾಡಲಾರೆ, ನೀವೂ ಮಾಡಬೇಡಿ.

ಎರಡನೆಯದು ಕರೆಂಟನ್ನೇ ಕತ್ತರಿಸುವುದು. ಮೂರು ತಂತಿಯ ಫ್ಯಾನಿಗೆ ನಿಧಾನದ ಲಯದಲ್ಲಿ ಹಾಕು-ತೆಗೆ ಮಾಡಿದರೆ ಕಟಕಟ ಕೇಳುತ್ತದೆ. ಜೊತೆಗೆ ವೇಗ ಹೇಳುವ ತಂತಿಯೂ ಕುರುಡಾಗುತ್ತದೆ, ಕರೆಂಟು ಇಲ್ಲದ ಕ್ಷಣದಲ್ಲಿ ಅದು ಹೇಳುವುದಾದರೂ ಏನನ್ನು?

ಮೂರನೆಯದು ನಾಲ್ಕು ತಂತಿಯ ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್), ಅಂದರೆ ಮಿಡಿತದ ಅಗಲ ಬದಲಿಸಿ ಅಪ್ಪಣೆ ಕೊಡುವುದು. ಇಂಟೆಲ್ ಇದಕ್ಕೊಂದು ನಿಯಮಾವಳಿ ಮಾಡಿತು. 2005ರ ಆವೃತ್ತಿಯನ್ನು ಇವತ್ತಿಗೂ ಬಹುತೇಕ ಎಲ್ಲರೂ ಅನುಸರಿಸುತ್ತಾರೆ. ಒಂದು ತಂತಿ ಗ್ರೌಂಡು, ಒಂದು 12 ವೋಲ್ಟು, ಅದು ಯಾವಾಗಲೂ ಪೂರ್ತಿ ಇರುತ್ತದೆ. ಮೂರನೆಯದು ಫ್ಯಾನು ಮದರ್‌ಬೋರ್ಡಿಗೆ ವರದಿ ಒಪ್ಪಿಸುವ ತಂತಿ: ಪ್ರತಿ ಸುತ್ತಿಗೆ ಎರಡು ಮಿಡಿತ. ಸೆಕೆಂಡಿಗೆ 40 ಮಿಡಿತ ಎಣಿಸಿದರೆ 30ರಿಂದ ಗುಣಿಸಿ, 1200 ಆರ್‌ಪಿಎಂ. ನಾಲ್ಕನೆಯದು ಮದರ್‌ಬೋರ್ಡು ಫ್ಯಾನಿಗೆ ಅಪ್ಪಣೆ ಕೊಡುವ ತಂತಿ. ಅದರಲ್ಲಿ ಸೆಕೆಂಡಿಗೆ 25,000 ಸಲ ಸಿಗ್ನಲ್ ಏರಿಳಿಯುತ್ತದೆ. ಪ್ರತಿ ಸಲ ಎಷ್ಟು ಹೊತ್ತು ಏರಿರುತ್ತದೆ ಅನ್ನುವುದೇ ಅಪ್ಪಣೆ. ಶೇಕಡಾ 40 ಹೊತ್ತು ಏರಿದ್ದರೆ ‘40ರಷ್ಟು ತಿರುಗು’. 25,000 ಯಾಕೆ? ನಮ್ಮ ಕಿವಿ 20,000 ಹರ್ಟ್ಸಿನ ಆಚೆಗೆ ಕೇಳುವುದಿಲ್ಲ. ಕತ್ತರಿಸುವುದು ಈಗಲೂ ನಡೆದಿದೆ, ಕತ್ತರಿಯ ಸದ್ದು ನಮಗೆ ಕೇಳದಷ್ಟು ಮೇಲೆ ಹೋಗಿದೆ ಅಷ್ಟೇ. ಅಪ್ಪಣೆಯ ತಂತಿ ಕಿತ್ತುಹೋದರೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತದೆ. ತಪ್ಪಾದರೆ ಸದ್ದಾಗಲಿ, ಸುಟ್ಟುಹೋಗದಿರಲಿ ಅನ್ನುವ ವಿವೇಕ.

ಮೇಜಿನ ಮೇಲೆ ಪರೀಕ್ಷಿಸಲು ನಾನು 12 ವೋಲ್ಟಿನ ಒಂದು ಅಡಾಪ್ಟರು ಮತ್ತು ಹವ್ಯಾಸಿಗಳು ಪ್ರೋಗ್ರಾಮ್ ಬರೆದು ಬಳಸುವ ಪುಟ್ಟ ಆರ್ಡುಯಿನೊ ಉನೊ ಬೋರ್ಡು ಬಳಸಿದೆ. ಎರಡರ ಗ್ರೌಂಡೂ ಸೇರಿರಬೇಕು. ಆರ್ಡುಯಿನೊದ ಮಾಮೂಲಿ ಅನಲಾಗ್‌ರೈಟ್ ಆದೇಶ ಹೆಚ್ಚಿನ ಪಿನ್ನುಗಳಲ್ಲಿ ಕೊಡುವುದು ಬರೀ 490 ಹರ್ಟ್ಸ್, ಅದು ಇಲ್ಲಿಗೆ ಬರುವುದಿಲ್ಲ. ಬೋರ್ಡಿನೊಳಗಿನ ಟೈಮರ್ 1ನ್ನು, ಮೇಲಕ್ಕೆ ಎಣಿಸಿ ಮತ್ತೆ ಕೆಳಕ್ಕೆ ಎಣಿಸುವ ಫೇಸ್-ಕರೆಕ್ಟ್ ವಿಧಾನಕ್ಕೆ ಹಾಕಿ ಮೇಲಿನ ಮಿತಿಯನ್ನು 320ಕ್ಕೆ ಇಟ್ಟರೆ ಅದರ 16 ಮೆಗಾಹರ್ಟ್ಸ್ ಗಡಿಯಾರದಿಂದ ಸರಿಯಾಗಿ 25 ಕಿಲೋಹರ್ಟ್ಸ್ ಹೊರಡುತ್ತದೆ, ಪಿನ್ 9 ಮತ್ತು 10ರಲ್ಲಿ.

ಇಲ್ಲಿ ಎರಡು ವೇಗ ಹುಡುಕಬೇಕು. ಮೇಲಿನಿಂದ ಇಳಿಸುತ್ತಾ ಹೋದಾಗ ಫ್ಯಾನು ಎಲ್ಲಿ ನಿಲ್ಲುತ್ತದೆ? ನಿಂತದ್ದು ಮತ್ತೆ ಎದ್ದೇಳಲು ಎಷ್ಟು ಬೇಕು? ಎರಡೂ ಒಂದೇ ಅಲ್ಲ, ಓಡುವ ಗಾಡಿಗಿಂತ ನಿಂತ ಗಾಡಿಯನ್ನು ತಳ್ಳುವುದು ಕಷ್ಟ. ನನ್ನ ಹಳೆಯ ಮೂರು ತಂತಿಯ ಫ್ಯಾನು ನಾಲ್ಕು ವೋಲ್ಟಿನಲ್ಲೂ ತಿರುಗುತ್ತಿತ್ತು, ಆದರೆ ನಿಂತಲ್ಲಿಂದ ಏಳಲು ಐದೂವರೆ ಕೇಳುತ್ತಿತ್ತು. ನಾಲ್ಕಕ್ಕೆ ಇಟ್ಟು ಕಂಪ್ಯೂಟರ್ ಆರಿಸಿದರೆ ಮರುದಿನ ಅದು ಏಳುವುದೇ ಇಲ್ಲ, ನಮಗೆ ಗೊತ್ತೂ ಆಗುವುದಿಲ್ಲ. ಪಿಡಬ್ಲ್ಯೂಎಂ ಫ್ಯಾನುಗಳಲ್ಲಿ ಶೇಕಡಾ 20ರ ಕೆಳಗೆ ಒಂದೊಂದರದೂ ಒಂದೊಂದು ರೀತಿ: ಕೆಲವು ನಿಲ್ಲುತ್ತವೆ, ಕೆಲವು ಏನು ಮಾಡಿದರೂ ತಮ್ಮ ಕನಿಷ್ಠ ವೇಗ ಬಿಡುವುದಿಲ್ಲ. ಹಾಕಿ ನೋಡಿಯೇ ತಿಳಿಯಬೇಕು.

ಲಿನಕ್ಸಿನಲ್ಲಿ ಈ ಕೆಲಸಕ್ಕೆ ಎಲ್ಎಂ-ಸೆನ್ಸರ್ಸ್ ತಂತ್ರಾಂಶದ ಜೊತೆ ಬರುವ ಪಿಡಬ್ಲ್ಯೂಎಂಕಾನ್ಫಿಗ್ ಅನ್ನುವ ಸಲಕರಣೆ ಇದೆ. ಅದು ಒಂದೊಂದೇ ಫ್ಯಾನು ನಿಲ್ಲಿಸಿ, ಯಾವ ಅಪ್ಪಣೆಗೆ ಯಾವ ಫ್ಯಾನು ಓಗೊಡುತ್ತದೆ ಅಂತ ಪತ್ತೆಹಚ್ಚುತ್ತದೆ. ಅಲ್ಲಿ ವೇಗದ ಲೆಕ್ಕ ನೂರಕ್ಕಲ್ಲ, 0ಯಿಂದ 255. ಮಿನ್‌ಸ್ಟಾರ್ಟ್, ಮಿನ್‌ಸ್ಟಾಪ್ ಅಂತ ಅದು ಕೇಳುವುದು ಮೇಲಿನ ಎರಡು ವೇಗಗಳನ್ನೇ. ವಿಂಡೋಸಿನವರಿಗೆ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶವಿದೆ, ಅಥವಾ ಕಂಪ್ಯೂಟರು ಶುರುವಾಗುವಾಗ ತೆರೆಯುವ ಸೆಟ್ಟಿಂಗುಗಳಾದ ಬಯಾಸಿಗೇ ನೇರ ಹೋಗಬಹುದು. ಲ್ಯಾಪ್‌ಟಾಪಿನವರಿಗೆ ತಯಾರಕರು ಬಿಟ್ಟಷ್ಟೇ ಸ್ವಾತಂತ್ರ್ಯ.

ಭರ್ರ್ ಯಾಕೆ ಬರುತ್ತಿತ್ತು

ಈಗ ಆ ಟ್ಯಾಬಿನ ಭರ್ರ್‌ಗೆ ಬರೋಣ. ಪ್ರೊಸೆಸರು ಉಗುರಿನಷ್ಟು ದೊಡ್ಡ ಸಿಲಿಕಾನ್ ಚೂರು. ಒಂದು ಟ್ಯಾಬ್ ತೆರೆದರೆ ಅದರ ಬಿಸಿ ಒಂದೇ ಸೆಕೆಂಡಿನಲ್ಲಿ ಹದಿನೈದು ಇಪ್ಪತ್ತು ಡಿಗ್ರಿ ನೆಗೆದು ಮತ್ತೆ ಇಳಿಯುತ್ತದೆ. ಅದರ ಮೇಲೆ ಕೂತ ಹೀಟ್‌ಸಿಂಕು ಅರ್ಧ ಕಿಲೋಗೂ ಮೀರಿದ ಲೋಹ. ಅದು ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಒಗ್ಗರಣೆ ಸೌಟು ಮತ್ತು ಹಂಡೆ ನೀರಿನ ವ್ಯತ್ಯಾಸ. ಫ್ಯಾನು ಗಾಳಿ ಹಾಕುವುದು ಹಂಡೆಗೆ, ಮದರ್‌ಬೋರ್ಡು ನೋಡುವುದು ಸೌಟನ್ನು. ಸೌಟು ಚುರ್ರ್ ಅಂದಾಗಲೆಲ್ಲ ಹಂಡೆಗೆ ಬೀಸಣಿಗೆ ಬೀಸಿದರೆ ಏನು ಪ್ರಯೋಜನ? ಆ ಮೂರು ಸೆಕೆಂಡಿನ ಭರ್ರ್‌ನಿಂದ ಪ್ರೊಸೆಸರು ತಣ್ಣಗಾಗುವುದೂ ಇಲ್ಲ, ಅದು ತಾನಾಗಿಯೇ ತಣ್ಣಗಾಗುತ್ತದೆ.

ಮದ್ದು ಬಯಾಸಿನಲ್ಲೇ ಇತ್ತು. ಒಂದು, ಫ್ಯಾನು ಏರುವ ಮುನ್ನ ಕೆಲವು ಸೆಕೆಂಡು ಕಾಯುವ ಹಾಗೆ ವಿಳಂಬ ಇಡುವುದು. ಎರಡು, ಏರುವ ಬಿಸಿಗೂ ಇಳಿಯುವ ಬಿಸಿಗೂ ನಡುವೆ ನಾಲ್ಕೈದು ಡಿಗ್ರಿ ಅಂತರ ಬಿಡುವುದು. 60ಕ್ಕೆ ಏರಿದ್ದು 55ಕ್ಕೆ ಬರುವವರೆಗೂ ಇಳಿಯಬಾರದು. ಇಲ್ಲದಿದ್ದರೆ 59, 60, 59, 60 ಅಂತ ಗಡಿಯಲ್ಲೇ ನಿಂತು ಫ್ಯಾನು ಉಯ್ಯಾಲೆಯಾಡುತ್ತದೆ. ಮೂರು, ಯಾವ ಬಿಸಿಗೆ ಎಷ್ಟು ವೇಗ ಅಂತ ತೋರಿಸುವ ಗೆರೆಯನ್ನು 65 ಡಿಗ್ರಿಯವರೆಗೂ ಸಪಾಟಾಗಿ ಇಡುವುದು. 65 ಅಂದರೆ ಗಾಬರಿ ಬೇಡ, ಈಗಿನ ಪ್ರೊಸೆಸರುಗಳು ತಾವಾಗಿ ವೇಗ ತಗ್ಗಿಸಿಕೊಳ್ಳುವುದು ಸಾಮಾನ್ಯವಾಗಿ 95-100ರ ಹತ್ತಿರ.

ಗೆರೆ ಎಳೆಯುವ ಮುನ್ನ ನಿಮ್ಮ ಊರನ್ನೂ ನೋಡಿಕೊಳ್ಳಿ. ಫ್ಯಾನು ಏನೇ ಮಾಡಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಯುರೋಪಿನ ಪರೀಕ್ಷೆಗಳಲ್ಲಿ ಕೋಣೆ ಇಪ್ಪತ್ತರ ಹತ್ತಿರ ಇರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ದಾಟುತ್ತದೆ. ಅಲ್ಲಿ 65 ಅಂತ ಬಂದದ್ದು ಇಲ್ಲಿ 85. ಆದ್ದರಿಂದ ಪರೀಕ್ಷೆಯಲ್ಲಿ ಪ್ರೊಸೆಸರಿನ ಬಿಸಿಯ ಪಕ್ಕದಲ್ಲೇ ಕೋಣೆಯ ಬಿಸಿಯನ್ನೂ ಬರೆದು, ಒಂದರಿಂದ ಇನ್ನೊಂದನ್ನು ಕಳೆದು ಇಟ್ಟುಕೊಳ್ಳಬೇಕು. ಆ ವ್ಯತ್ಯಾಸ ಮಾತ್ರ ಊರಿಂದೂರಿಗೆ ಹೋಲಿಸಲು ಬರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಎಳೆದ ಗೆರೆಯನ್ನು ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡಿ.

ಇಷ್ಟೆಲ್ಲ ಮಾಡಿ ಕ್ಯಾಬಿನೆಟ್ಟು ಮುಚ್ಚಿದ ಮೇಲೆ ಒಂದು ಹೊಸ ತಂಟೆ ಎದ್ದಿತು: ವಂವ್... ವಂವ್... ಅಂತ ಉಸಿರಾಡುವ ಹಾಗೆ ಒಂದು ಸದ್ದು. ಸಂಗೀತ ಕಲಿತವರಿಗೆ ಇದು ಗೊತ್ತು. ತಂಬೂರಿಯ ಎರಡು ತಂತಿಗಳು ಕೂದಲೆಳೆಯಷ್ಟು ಶ್ರುತಿ ತಪ್ಪಿದ್ದರೆ ಇದೇ ಅಲೆ ಕೇಳುತ್ತದೆ. ಅದು ನಿಧಾನವಾಗುತ್ತಾ ಹೋದ ಹಾಗೆ ಶ್ರುತಿ ಹತ್ತಿರ ಬಂತು ಅಂತ ಲೆಕ್ಕ. ಮುಂದಿನ ನನ್ನ ಎರಡು ಫ್ಯಾನು ಒಂದೇ ಅಪ್ಪಣೆಯಲ್ಲಿದ್ದರೂ ಒಂದು 1000, ಇನ್ನೊಂದು 1010 ತಿರುಗುತ್ತಿದ್ದವು. ಏಳು ರೆಕ್ಕೆಗಳ ಲೆಕ್ಕದಲ್ಲಿ ಇವುಗಳ ಸ್ವರದ ನಡುವೆ ಬರೀ 1.2 ಹರ್ಟ್ಸ್ ಅಂತರ, ಅಂದರೆ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ‘ವಂವ್’. ತಂಬೂರಿಯಲ್ಲಾದರೆ ಬಿರಡೆ ತಿರುಗಿಸಿ ಕೂಡಿಸುತ್ತೇವೆ. ಫ್ಯಾನು ಹಾಗೆ ಕೂಡಿ ನಿಲ್ಲುವುದಿಲ್ಲ, ಹಾಗಾಗಿ ದೂರ ಮಾಡಬೇಕು. ಒಂದನ್ನು ಬೋರ್ಡಿನ ಬೇರೆ ಹೆಡರಿಗೆ (ಫ್ಯಾನಿನ ತಂತಿ ಚುಚ್ಚುವ ಜಾಗ) ಹಾಕಿ ಒಂದೊಂದೇ ಹೆಜ್ಜೆ ಇಳಿಸುತ್ತಾ ಹೋದೆ. ಅಲೆ ಚುರುಕಾಗಿ, ನಡುಕವಾಗಿ, ಕೊನೆಗೆ ಎರಡೂ ಫ್ಯಾನಿನ ಸದ್ದಿನಲ್ಲಿ ಕರಗಿತು.

ಗಂಟೆ ನಾಲ್ಕಾಗಿತ್ತು. ಕ್ಯಾಬಿನೆಟ್ಟನ್ನು ಮೇಜಿನ ಕೆಳಗೆ ತಳ್ಳಿ, ಕಣ್ಣುಮುಚ್ಚಿ ಕೂತೆ. ಹತ್ತು ಟ್ಯಾಬ್ ತೆರೆದೆ, ಭರ್ರ್ ಇಲ್ಲ. ಆಗ ಕೇಳಿಸಿತು, ಇಷ್ಟು ದಿನ ಫ್ಯಾನಿನ ಹಿಂದೆ ಅಡಗಿದ್ದ ಸಣ್ಣ ಗುಂಯ್. ಸ್ಪೆಕ್ಟ್ರಮ್ ಆ್ಯಪ್ ಹಿಡಿದು ನೋಡಿದರೆ ಸರಿಯಾಗಿ 120 ಹರ್ಟ್ಸಿನಲ್ಲಿ ಒಂದೇ ಒಂದು ಗೆರೆ. ನಿಮಿಷಕ್ಕೆ 7200 ಸುತ್ತಿನ ಹಳೆಯ ಹಾರ್ಡ್ ಡಿಸ್ಕು. ಅದಕ್ಕೆ ರೆಗ್ಯುಲೇಟರ್ ಇಲ್ಲ. ಪಾತ್ರೆ ತೊಳೆಯುವ ಹೊಸ ಸ್ಪಂಜು ಎರಡು ತಂದು ಅದರ ಕೆಳಗಿಟ್ಟೆ. ಬೆಳಗ್ಗೆ ಅಮ್ಮ ಹುಡುಕುತ್ತಿದ್ದರು.